ಔಷಧಿ ಪಾಸಿನಲ್ಲಿ ಹಾರಿದ ವಿಮಾನ

ಮಾರ್ಚ್ 29, ಭಾನುವಾರ

ಎಡ ರೆಕ್ಕೆಯ ಹನ್ನೊಂದನೇ ಪಟ್ಟಿ ಅಂಟಿಸಿದೆ. ಬ್ಲೇಡ್ ಮೊಂಡಾಗಿದೆ. ಬಾಲ್ಸಾ ಮರ ಕತ್ತರಿಸಿ ಬರುತ್ತಿಲ್ಲ, ಹರಿಯುತ್ತಿದೆ. ಹೊಸ ಬ್ಲೇಡ್ ತರೋಣವೆಂದರೆ ಲಾಕ್‌ಡೌನ್, ಅಂಗಡಿ ಮುಚ್ಚಿದೆ. ನಾನು ಹಲ್ಲು ಕಟ್ಟುವ ಲ್ಯಾಬ್‌ಗೂ ಬೀಗ. ಆರು ಜನರ ಹಲ್ಲಿನ ಸೆಟ್ ಅರ್ಧಕ್ಕೆ ನಿಂತಿವೆ — ಮೇಲಿನ ದವಡೆ ಆಗಿದೆ, ಕೆಳಗಿನದು ಇಲ್ಲ. ಪಾಪ, ಆರೂ ಜನ ಮೆತ್ತಗಿನದನ್ನೇ ನುಂಗುತ್ತಿರಬೇಕು.

ಇಷ್ಟು ವರ್ಷ ರಿಮೋಟಿನಲ್ಲಿ ಹಾರುವ ಪುಟ್ಟ ವಿಮಾನ ಕಟ್ಟಲು ಸಮಯವಿಲ್ಲ ಎಂದು ಗೊಣಗುತ್ತಿದ್ದೆ. ಈಗ ಸಮಯ ಕೊಳೆಯುವಷ್ಟಿದೆ, ಹಾರಿಸಲು ಮೈದಾನವಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ ಅನ್ನುವ ಗಾದೆ ಹಲ್ಲು ಕಟ್ಟುವವನಿಗೇ ಬಂದು ಬಡಿಯಿತು.

ಹನ್ನೊಂದು ವರ್ಷ ಭಾನುವಾರ ತಪ್ಪಿಸಿದವರಲ್ಲ ನಾವು ನಾಲ್ವರು. ಇವತ್ತು ಫೋನಿನಲ್ಲೇ ಸಭೆ. ಕ್ಯಾಪ್ಟನ್ ಹೆಗಲ ಪಟ್ಟಿ ಇರುವ ಬಿಳಿ ಶರ್ಟು ಹಾಕಿಕೊಂಡು ಕೂತಿದ್ದ. ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತನಾದವನು. ನಿಜವಾದ ವಿಮಾನದ ಕಾಕ್‌ಪಿಟ್ಟಿಗೆ ತಲೆ ಹಾಕಿದವನಲ್ಲ. ಕ್ಲಬ್ಬಿನ ಅಧ್ಯಕ್ಷನಾದ ದಿನದಿಂದ ಕ್ಯಾಪ್ಟನ್. ಡೈರಿಯಲ್ಲಿ ಅವನಿಗೆ ಏಕವಚನ, ಫೋನಿನಲ್ಲಿ ಬಹುವಚನ — ನನ್ನ ಧೈರ್ಯ ಅಷ್ಟೇ. ಮಾತಾಡುತ್ತಲೇ ಕಡ್ಡಿಯಿಂದ ಹಲ್ಲು ಕೆದಕಿ, ಬಂದದ್ದನ್ನು ನೋಡಿ, ಮತ್ತೆ ಬಾಯಿಗೆ ಹಾಕಿಕೊಂಡ. ಕ್ಯಾಮೆರಾ ಮುಂದೆ. ಥೂ.

ಟೈಲರ್ ಹೊಲಿಗೆ ಮಿಷನ್ ನಿಲ್ಲಿಸಲೇ ಇಲ್ಲ. ನಮ್ಮ ರೆಕ್ಕೆಗಳಿಗೆ ಬಟ್ಟೆ ಹೊದಿಸುತ್ತಿದ್ದ ಕೈ ಈಗ ಮಾಸ್ಕ್ ಹೊಲಿಯುತ್ತಿದೆ. ಮೇಷ್ಟ್ರಿಗೆ ಮೈಕ್ ಆನ್ ಮಾಡಲು ಬರಲಿಲ್ಲ. ಅರ್ಧ ಗಂಟೆ ಬರೀ ಬಾಯಿ ಆಡಿಸಿದರು. ಕೊನೆಗೆ ಅಕ್ಕ — ಮೇಷ್ಟ್ರ ಹೆಂಡತಿಯನ್ನು ನಾನು ಮೊದಲಿನಿಂದಲೂ ಅಕ್ಕ ಎನ್ನುತ್ತೇನೆ — ಬಂದು ಒಂದು ಗುಂಡಿ ಒತ್ತಿದರು. ಮೇಷ್ಟ್ರ ದನಿ ಕೇಳಿತು: "...ಅಷ್ಟೇ ನಾನು ಹೇಳೋದಿದ್ದದ್ದು."

ಎಲ್ಲರೂ ನಕ್ಕೆವು. ಮೂವತ್ತೆಂಟು ವರ್ಷ ಗಣಿತ ಹೇಳಿದವರು. ನನಗೆ ಹಾರಿಸಲು ಕಲಿಸಿದವರು.

ಏಪ್ರಿಲ್ 2, ಗುರುವಾರ

ಇವಳಿಗೆ, ನನ್ನ ಹೆಂಡತಿಗೆ, ಕೋವಿಡ್ ವಾರ್ಡ್ ಡ್ಯೂಟಿ ಬಿತ್ತು. ಹದಿನೈದು ದಿನವೆಂದು ಹೇಳಿದ್ದಾರಂತೆ. ಹದಿನೈದಕ್ಕೆ ಮುಗಿಯುವುದಿಲ್ಲವೆಂದು ಅವಳಿಗೂ ಗೊತ್ತು. ಇಪ್ಪತ್ತೆರಡು ವರ್ಷದಿಂದ ನರ್ಸ್.

ಬಾಗಿಲಲ್ಲೇ ನಿಂತು ಹೇಳಿದಳು: "ಇನ್ಮೇಲೆ ನಾನು ಬೇರೆ ಇರ್ಬೇಕು ರೀ. ಚಿಕ್ಕ ರೂಮ್ ಖಾಲಿ ಮಾಡಿಕೊಡಿ."

ಚಿಕ್ಕ ರೂಮೆಂದರೆ ನನ್ನ ಕಾರ್ಖಾನೆ. ಏಳು ವಿಮಾನ, ಮೇಜು, ಡಬ್ಬಿಗಳು. ನಾನು ಹೇಳಿದ್ದು — ಬರೆಯಲೂ ನಾಚಿಕೆ — "ಅಂಟು ಇನ್ನೂ ಒಣಗಿಲ್ಲ. ಎರಡು ದಿನ ಬಿಟ್ಟು ಮಾಡ್ಲಾ?"

ಅತ್ತೆ ಮಾತಾಡಿದರು. ಇವಳ ತಾಯಿ, ಎಪ್ಪತ್ತೈದು, ನಮ್ಮ ಜೊತೆಗೇ ಇದ್ದಾರೆ. "ಆ ರೋಗಕ್ಕೂ ಒಂದು ಮಾತು ಹೇಳಿ ಅಳಿಯಂದ್ರೇ. ಅಂಟು ಒಣಗೋವರ್ಗೂ ಹೊರಗೆ ಕಾಯ್ತಿರಲಿ ಅಂತ."

ಸಂಜೆಯೊಳಗೆ ಖಾಲಿ ಮಾಡಿದೆ. ಸೋಫಾ ಮೇಲೆ ರೆಕ್ಕೆ, ಬೀರು ಮೇಲೆ ಬಾಲ. ಅತ್ತೆಯ ಮಂಚದ ಕೆಳಗೆ ಬ್ಯಾಟರಿಗಳು. ಅವಳು ರೂಮಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಕೇಳಿತು: "ಇದೇನ್ರೀ ಈ ವಾಸನೆ..."

ಏಪ್ರಿಲ್ 9, ಗುರುವಾರ

ಲಿಫ್ಟಿನಲ್ಲಿ ಚೀಟಿ ಅಂಟಿಸಿದ್ದಾರೆ. "ಆಸ್ಪತ್ರೆ ಸಿಬ್ಬಂದಿ ದಯವಿಟ್ಟು ಮೆಟ್ಟಿಲು ಬಳಸಿ." ಈ ಬಿಲ್ಡಿಂಗಿನಲ್ಲಿ ಆಸ್ಪತ್ರೆ ಸಿಬ್ಬಂದಿ ಅಂತ ಇರುವವಳು ಒಬ್ಬಳೇ. ದಯವಿಟ್ಟು ಅನ್ನುವ ಪದಕ್ಕೆ ಇಷ್ಟು ದುರ್ನಾತ ಇರಬಹುದೆಂದು ಗೊತ್ತಿರಲಿಲ್ಲ.

ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಮೂರು ಮಹಡಿ ಹತ್ತಿ ಬಂದಳು. ಕಿವಿಯ ಹಿಂದೆ ಮಾಸ್ಕಿನ ದಾರ ಕೊಯ್ದು ಗಾಯ. ಚೀಟಿ ಕಿತ್ತು ಬರಲೇ ಎಂದು ಕೇಳಿದೆ. "ಬಿಡಿ, ಕಾಲಿಗೆ ಒಳ್ಳೇದು" ಎಂದಳು. ಬಿಟ್ಟೆ. ಬಿಡುವುದರಲ್ಲಿ ನಾನು ನಿಸ್ಸೀಮ.

ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಇವತ್ತು ಕ್ಯಾಪ್ಟನ್ನಿನ ಸ್ಪರ್ಧೆ: ಮನೆಯ ಹಾಲ್‌ನಲ್ಲೇ ಹಾರುವ ಪೇಪರ್ ಗ್ಲೈಡರ್, ಯಾರದು ಹೆಚ್ಚು ಹೊತ್ತು ನಿಲ್ಲುತ್ತದೆ ನೋಡೋಣ ಎಂದು. ಮೇಷ್ಟ್ರದು ಒಂಬತ್ತು ಸೆಕೆಂಡ್. ನನ್ನದು ನಾಲ್ಕು, ಆಮೇಲೆ ಅತ್ತೆಯ ಟೀಗೆ ಬಿತ್ತು. ಎತ್ತಿ ಪಕ್ಕಕ್ಕಿಟ್ಟು ಕುಡಿದರು. "ಸಕ್ಕರೆ ಕಮ್ಮಿಯಾಯ್ತು" ಎಂದರು.

ಏಪ್ರಿಲ್ 15, ಬುಧವಾರ

ಕ್ಯಾಪ್ಟನ್ ವಿಡಿಯೊ ಹಾಕಿದ್ದಾನೆ. ಮೈದಾನದಲ್ಲಿ! ಹುಲ್ಲು ಮೊಣಕಾಲುದ್ದ ಬೆಳೆದಿದೆ. ಅವನ ಕೆಂಪು ವಿಮಾನ ಖಾಲಿ ಆಕಾಶದಲ್ಲಿ ಸುತ್ತು ಹೊಡೆಯುತ್ತಿದೆ. ಕೆಳಗೆ ಬರೆದಿದ್ದಾನೆ — "ಧೈರ್ಯವಿದ್ದವರಿಗೆ ಆಕಾಶ."

ಧೈರ್ಯವಲ್ಲ, ಅವನ ಅಳಿಯನ ವ್ಯಾನು. ಅಳಿಯನದು ಔಷಧಿ ಸಗಟು ವ್ಯಾಪಾರ. ವ್ಯಾನಿನ ಗಾಜಿಗೆ ಪಾಸ್ ಅಂಟಿಸಿದೆ: ತುರ್ತು ಔಷಧಿ ಸಾಗಣೆ. ಮಾತ್ರೆಯ ರಟ್ಟಿನ ಪೆಟ್ಟಿಗೆಯಲ್ಲಿ ವಿಮಾನ ಮಲಗಿಸಿಕೊಂಡು ಮೂರು ತಪಾಸಣೆ ದಾಟಿದನಂತೆ. ಅದನ್ನೂ ವಿಡಿಯೊದಲ್ಲಿ ಹೇಳಿಕೊಂಡು ನಗುತ್ತಾನೆ.

ನೋಡಿ ಹೇಸಿಗೆಯಾಯಿತು. ಆರು ಸಲ ನೋಡಿದೆ. ಆಮೇಲೆ ಚಪ್ಪಾಳೆಯ ಚಿತ್ರ ಕಳಿಸಿದೆ.

ಏಪ್ರಿಲ್ 18, ಶನಿವಾರ, ಸಂಜೆ

ಕ್ಯಾಪ್ಟನ್ ಫೋನ್. "ನಾಳೆ ವ್ಯಾನಲ್ಲಿ ಮೂರು ಜನಕ್ಕೆ ಜಾಗ ಇದೆ. ಟೈಲರ್ ಒಪ್ಪಿದ್ದಾನೆ. ನೀವು, ಮೇಷ್ಟ್ರು?"

ಇಲ್ಲವೆನ್ನಬೇಕಿತ್ತು. ಎಷ್ಟು ಗಂಟೆಗೆ ಎಂದು ಕೇಳಿದೆ.

ಮೇಷ್ಟ್ರನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರು ಬಹಳ ಹಿಂಜರಿದರು. "ನಂಗೆ ಎಪ್ಪತ್ತೊಂದು ಕಣಯ್ಯ. ಮನೇಲಿ ಬಿಡಲ್ಲ. ಪೇಪರ್ ಹಾಕೋನ ಹತ್ರ ಮಾತಾಡಿದ್ರೂ ಬೈತಾಳೆ."

"ಒಂದೇ ಗಂಟೆ ಸಾರ್. ಬಯಲು ಗಾಳಿ, ಒಬ್ರಿಗೊಬ್ರು ದೂರ ನಿಲ್ತೀವಿ. ಮೂಲೆ ಮೆಡಿಕಲ್ ಶಾಪ್‌ಗೆ ಹೋಗ್ಬರ್ತೀನಿ ಅನ್ನಿ, ಮುಗೀತು."

ಅತ್ತ ಕಡೆ ಬಾಗಿಲು ಹಾಕಿದ ಸದ್ದು. ಆಮೇಲೆ ಹುಡುಗರ ಹಾಗೆ ಪಿಸುಗುಟ್ಟಿದರು: "ಹಳದಿ ವಿಮಾನ ತರ್ಲಾ?"

ಇವಳಿಗೆ ಹೇಳಿಲ್ಲ. ನಾಳೆ ಅವಳಿಗೆ ಬೆಳಗಿನ ಡ್ಯೂಟಿ.

ಏಪ್ರಿಲ್ 19, ಭಾನುವಾರ

ಹೋಗಿ ಬಂದೆ.

ಸುಖ. ಸುಳ್ಳು ಯಾಕೆ ಬರೆಯಲಿ. ಇಂಥ ಆಕಾಶ ಹನ್ನೊಂದು ವರ್ಷದಲ್ಲಿ ನೋಡಿಲ್ಲ — ಹೊಗೆಯಿಲ್ಲ, ಧೂಳಿಲ್ಲ. ಇಂಜಿನ್ ಸದ್ದು ಅಷ್ಟು ದೂರ ಹೋಯಿತು.

ದೂರ ನಿಲ್ಲುವ ಮಾತು ಹತ್ತು ನಿಮಿಷಕ್ಕೆ ಮುಗಿಯಿತು. ಮಾಸ್ಕ್ ಹಾಕಿದರೆ ಕನ್ನಡಕಕ್ಕೆ ಆವಿ, ವಿಮಾನ ಕಾಣುವುದಿಲ್ಲ. ಎಲ್ಲರೂ ಗಲ್ಲಕ್ಕೆ ಇಳಿಸಿದೆವು. ಮೇಷ್ಟ್ರ ಕೈ ಒಂದು ತಿಂಗಳಲ್ಲಿ ಅಭ್ಯಾಸ ತಪ್ಪಿದೆ. ಇಳಿಸುವಾಗ ವಿಮಾನ ವಾಲಿತು. ಟೈಲರ್ ಹಿಂದಿನಿಂದ ಬಾಗಿ, ಮುಖಕ್ಕೆ ಮುಖ ತಾಗುವ ಹಾಗೆ ನಿಂತು, ರಿಮೋಟಿನ ಮೇಲೆ ಅವರ ಬೆರಳಿಗೆ ತನ್ನ ಬೆರಳು ಕೊಟ್ಟ. "ಸ್ವಲ್ಪ ಎತ್ತಿ ಸಾರ್... ಹಾಂ, ಹಾಗೇ, ಬಿಡಿ." ನಡುವೆ ಎರಡು ಸಲ ಕೆಮ್ಮಿದ. ಬಟ್ಟೆ ಧೂಳು ಎಂದ.

ಹಳದಿ ವಿಮಾನ ಹುಲ್ಲಿನ ಮೇಲೆ ಎಲೆ ಬಿದ್ದ ಹಾಗೆ ಕೂತಿತು. ಮೇಷ್ಟ್ರು ಕಣ್ಣೊರೆಸಿಕೊಂಡರು. ಕ್ಯಾಪ್ಟನ್ ಫ್ಲಾಸ್ಕಿನಿಂದ ಒಂದೇ ಲೋಟದಲ್ಲಿ ಎಲ್ಲರಿಗೂ ಕಾಫಿ ಸುತ್ತಿಸಿದ. ಕುಡಿದೆವು.

ಮನೆಗೆ ಬಂದು ಸ್ನಾನ ಮಾಡಿದೆ. ಅತ್ತೆ ಪ್ಯಾಂಟಿಗಂಟಿದ ಹುಲ್ಲಿನ ಬೀಜಗಳನ್ನು ನೋಡಿದರು. ನನ್ನನ್ನು ನೋಡಿದರು.

ಏಪ್ರಿಲ್ 29, ಬುಧವಾರ

ಹತ್ತು ದಿನ ಇಲ್ಲಿ ಏನೂ ಬರೆಯಲಿಲ್ಲ.

ಮೇಷ್ಟ್ರು ಆಸ್ಪತ್ರೆಯಲ್ಲಿ. ಸೋಮವಾರ ಸೇರಿಸಿದರು. ಅಕ್ಕನಿಗೂ ಜ್ವರ, ನಿನ್ನೆ ಅವರನ್ನೂ ಕರೆದೊಯ್ದರು. ಇಬ್ಬರೂ ಇವಳ ಆಸ್ಪತ್ರೆಯಲ್ಲೇ. ಮೇಷ್ಟ್ರು ಇವಳ ವಾರ್ಡಿನಲ್ಲಿ, ಅಕ್ಕ ಮೇಲಿನ ಮಹಡಿಯಲ್ಲಿ.

ಆರೋಗ್ಯ ಇಲಾಖೆಯವರು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ್ದಕ್ಕೆ ಮೇಷ್ಟ್ರು — ಪಕ್ಕದಲ್ಲಿ ಅಕ್ಕ ಇದ್ದರಂತೆ — "ಮೂಲೆ ಮೆಡಿಕಲ್ ಶಾಪ್, ಬೇರೆಲ್ಲೂ ಇಲ್ಲ" ಎಂದರಂತೆ. ಇವತ್ತು ಅಂಗಡಿಗೆ ಸೀಲ್ ಹಾಕಿದ್ದಾರೆ. ಅಂಗಡಿಯವನನ್ನು ಯಾವುದೋ ಹಾಸ್ಟೆಲಿಗೆ ಒಯ್ದು ಇಟ್ಟಿದ್ದಾರೆ.

ನನ್ನ ಬಾಯಿಂದ ಹೊರಟ ಸುಳ್ಳು. ನಾಲ್ಕು ಬೀದಿ ದಾಟಿ ಹೋಗಿ ಅವನ ತಲೆಯ ಮೇಲೆ ಕೂತಿತು.

ಏಪ್ರಿಲ್ 30, ಗುರುವಾರ

ಕ್ಯಾಪ್ಟನ್, ಟೈಲರ್, ನಾನು — ಫೋನಿನಲ್ಲಿ. ಕ್ಯಾಪ್ಟನ್ ಇವತ್ತು ಬನಿಯನ್ನಿನಲ್ಲಿದ್ದ.

"ಯಾರು ಕೇಳಿದ್ರೂ ಒಂದೇ ಮಾತು. ಮಾರ್ಚ್‌ನಿಂದ ಯಾರೂ ಯಾರನ್ನೂ ನೋಡಿಲ್ಲ. ಪಾಸ್ ದುರುಪಯೋಗ ಅಂದ್ರೆ ನನ್ನ ಅಳಿಯನ ಲೈಸೆನ್ಸ್ ಹೋಗುತ್ತೆ."

"ಆ ಮೆಡಿಕಲ್ ಶಾಪ್‌ನೋನು..." ಎಂದೆ.

"ಅವನಿಗೇನಾಗುತ್ತೆ? ಹದಿನಾಲ್ಕು ದಿನ ಪುಕ್ಕಟೆ ಊಟ." ಆಮೇಲೆ ದನಿ ತಗ್ಗಿಸಿದ. "ನೋಡಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ವಿಷಯ ಹೊರಗೆ ಬಂದ್ರೆ ಜನ ಮೊದ್ಲು ಯಾರನ್ನ ಹಿಡೀತಾರೆ? ದಿನಾ ಆಸ್ಪತ್ರೆಯಿಂದ ಮನೆಗೆ ಬರೋರು ನಿಮ್ಮ ಮನೆಯವರೊಬ್ರೇ."

ಟೈಲರ್ ಉಸಿರೆತ್ತಲಿಲ್ಲ. ನಾನೂ ಎತ್ತಲಿಲ್ಲ. ಇವಳಿಗೆ ವಾರ ವಾರ ಪರೀಕ್ಷೆ ಮಾಡುತ್ತಾರೆ, ಇದುವರೆಗೂ ನೆಗೆಟಿವ್ — ಅಷ್ಟಾದರೂ ಹೇಳಬಹುದಿತ್ತು. ಫೋನಿಟ್ಟೆ.

ಮಧ್ಯಾಹ್ನ ಇಲಾಖೆಯಿಂದ ಫೋನ್. ಹೆಂಗಸು, ದನಿ ಕೇಳಿದರೇ ಸುಸ್ತು ಗೊತ್ತಾಗುತ್ತಿತ್ತು. "ಮೇಷ್ಟ್ರ ಫೋನಲ್ಲಿ ನಿಮ್ಮ ನಂಬರ್ ಜಾಸ್ತಿ ಇದೆ ಸಾರ್. ಇತ್ತೀಚೆಗೆ ಭೇಟಿ ಆಗಿದ್ರಾ?"

"ಇಲ್ಲ ಮೇಡಂ. ಬರೀ ಫೋನ್."

"ಸರಿ ಸಾರ್. ಹುಷಾರಾಗಿರಿ."

ಹುಷಾರಾಗಿರಿ ಅಂದಳು! ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ಬಾಯಿ ತೊಳೆದೆ. ಯಾಕೆ ತೊಳೆದೆನೋ.

ಮೇ 2, ಶನಿವಾರ

ಹಾಲು ತರಲು ಹೋಗುವ ನೆಪದಲ್ಲಿ ಮೇಷ್ಟ್ರ ಬೀದಿಗೆ ಹೋದೆ. ಮೆಡಿಕಲ್ ಶಾಪಿನ ಶಟರಿಗೆ ಕೆಸರು ಎರಚಿದ್ದಾರೆ. ಬೋರ್ಡಿನ ಗಾಜು ಒಡೆದಿದೆ. ಶಟರಿನ ಮೇಲೆ ಇದ್ದಿಲಿನಲ್ಲಿ ಒಂದು ಬೈಗುಳ, ಅದೂ ತಪ್ಪು ಕಾಗುಣಿತ. ಎದುರಿನ ಮಾಳಿಗೆಯಿಂದ ಒಬ್ಬ ಹೇಳಿದ: "ಈ ಪಾಪಿ ಮಾತ್ರೆ ಜೊತೆ ರೋಗಾನೂ ಮಾರಿದ ನೋಡಿ." ನಾನು ಹೌದೆನ್ನುವ ಹಾಗೆ ತಲೆಯಾಡಿಸಿದೆ. ನನ್ನ ತಲೆ, ನನ್ನ ಕತ್ತಿನ ಮೇಲೆಯೇ ಇರುವುದು, ತಾನಾಗಿ ಆಡಿತು.

ಸಂಜೆ ಇವಳು ಬಂದಳು. ಬಾಗಿಲ ಹೊರಗೇ ನಿಂತಳು. ಚಪ್ಪಲಿ ಬಿಡಲಿಲ್ಲ.

"ಮೇಷ್ಟ್ರು ಇವತ್ತು ಮಾತಾಡಿದ್ರು. ಆಕ್ಸಿಜನ್ ಮಾಸ್ಕ್ ತೆಗ್ದು ತೆಗ್ದು ಹೇಳ್ತಾರೆ — ಲ್ಯಾಂಡಿಂಗ್ ತುಂಬಾ ಚೆನ್ನಾಗಿ ಬಂತಮ್ಮ, ನಿನ್ನ ಗಂಡನೂ ಇದ್ದ, ಕೇಳು."

ನಾನು ಅವಳ ಚಪ್ಪಲಿ ನೋಡುತ್ತಿದ್ದೆ.

"ಜ್ವರಕ್ಕೆ ಏನೋ ಬಡಬಡಿಸ್ತಾರೆ ಅಂದ್ಕೊಂಡೆ. ಆಮೇಲೆ ತಾರೀಖು ಹೇಳಿದ್ರು. ಗಣಿತದ ಮೇಷ್ಟ್ರಲ್ವಾ. ಯಾವ ಲ್ಯಾಂಡಿಂಗ್ ರೀ ಅದು?"

ಹೇಳಿದೆ. ಪಾಸ್, ವ್ಯಾನು, ಟೈಲರ್ ಕೆಮ್ಮಿದ್ದು, ಕಾಫಿ ಲೋಟ, ಮೆಡಿಕಲ್ ಶಾಪ್ ಅನ್ನಿ ಎಂದು ನಾನೇ ಹೇಳಿಕೊಟ್ಟದ್ದು, ಫೋನಿನಲ್ಲಿ ಇಲ್ಲವೆಂದದ್ದು. ಐದು ನಿಮಿಷವೂ ಹಿಡಿಯಲಿಲ್ಲ.

ಅವಳು ಕೂಗಾಡುತ್ತಾಳೆಂದು ಕಾದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು — ಹಾಸಿಗೆ ಹುಣ್ಣಾಗಿ ಕೊಳೆತ ಮೈಯನ್ನು ನೋಡುವಾಗಲೂ ಅವಳ ಮುಖದಲ್ಲಿ ಇಂಥದ್ದು ಬಂದಿರಲಾರದು.

"ನಾನು ದಿನಾ ಆ ಬಟ್ಟೆ ಒಳಗೆ ಬೆವರಲ್ಲಿ ಬೇಯ್ತೀನಿ," ಎಂದಳು. "ನೀರು ಕುಡಿಯಲ್ಲ, ಬಾತ್‌ರೂಮಿಗೆ ಹೋಗ್ಬೇಕಾಗುತ್ತೆ ಅಂತ. ನೀವು ಕಾಫಿ ಕುಡ್ದು ಬಂದ್ರಾ?"

ರೂಮಿನ ಬಾಗಿಲು ಹಾಕಿಕೊಂಡಳು. ಅತ್ತೆ ಟಿವಿಯ ಸದ್ದು ಜೋರು ಮಾಡಿದರು.

ಮೇ 3, ಭಾನುವಾರ, ಬೆಳಿಗ್ಗೆ 9

ಫೋನ್ ಮಾಡಿದೆ. ಅದೇ ಹೆಂಗಸು. ನಿನ್ನೆ ಇವಳಿಗೆ ಹೇಳಿದ್ದನ್ನೇ ಮತ್ತೆ ಹೇಳಿದೆ. ಎರಡನೇ ಸಲಕ್ಕೆ ಸುಲಭವಾಗುತ್ತದೆಂದು ಎಣಿಸಿದ್ದೆ. ಇಲ್ಲ.

"ಮೊನ್ನೆ ಯಾಕೆ ಸುಳ್ಳು ಹೇಳಿದ್ರಿ ಸಾರ್?"

"ಹೆದರಿಕೆ ಮೇಡಂ."

"ಮೂರು ದಿನ ಹೋಯ್ತಲ್ಲ ಸಾರ್," ಎಂದಳು. ಸಿಟ್ಟಿಲ್ಲ. ಲೆಕ್ಕ ಹೇಳಿದ ಹಾಗೆ. ಟೈಲರ್ ವಿಳಾಸ ಕೇಳಿದಳು. ಕೊಟ್ಟೆ. ಕ್ಯಾಪ್ಟನ್ನಿನದೂ ಕೊಟ್ಟೆ. ಮೆಡಿಕಲ್ ಶಾಪಿನವನನ್ನು ಬಿಡುತ್ತಾರಾ ಎಂದು ಕೇಳಿದೆ. "ಬಿಡ್ತೀವಿ. ಬೋರ್ಡ್ ಒಡ್ದೋರು ಬಂದು ಜೋಡಿಸಿಕೊಡ್ತಾರಾ, ಕೇಳಿ ನೋಡಿ" ಎಂದಳು.

ಮೇ 6, ಬುಧವಾರ

ಟೈಲರ್ ಪಾಸಿಟಿವ್. ಮೈದಾನಕ್ಕೆ ಬರುವ ಎರಡು ದಿನ ಮೊದಲೇ ಮೈ ಬೆಚ್ಚಗಿತ್ತಂತೆ. ಹೇಳಿದರೆ ವ್ಯಾನಿನಲ್ಲಿ ಹತ್ತಿಸಿಕೊಳ್ಳುವುದಿಲ್ಲ ಅಂತ ಸುಮ್ಮನಿದ್ದ. ಅವನ ಅಂಗಡಿಗೆ ಸೀಲ್. ಹೊಲಿದಿಟ್ಟ ಮಾಸ್ಕ್‌ಗಳನ್ನೆಲ್ಲ ಚೀಲಕ್ಕೆ ತುಂಬಿ ಒಯ್ದು ಸುಟ್ಟರು. ಹಂಚಿದ್ದು ಎಷ್ಟೋ, ಯಾರಿಗೋ.

ಫೋನ್ ಮಾಡಿದ. ಬೈದ, ಆಮೇಲೆ ಅತ್ತ. "ಒಂದು ವಾರ ಮುಂಚೆ ನಾನೇ ಬಾಯಿ ಬಿಟ್ಟಿದ್ರೆ..." ಎಂದ. ಬೈಗುಳವೇ ಎಷ್ಟೋ ವಾಸಿಯಿತ್ತು.

ಕ್ಯಾಪ್ಟನ್ ನೆಗೆಟಿವ್. ನಾನೂ. ವೈರಸ್ಸಿಗೂ ಒಂದು ರುಚಿ ಅಂತ ಇರುತ್ತದೆ, ನಮ್ಮಿಬ್ಬರನ್ನು ಮೂಸಿ ನೋಡಿ ಬಿಟ್ಟಿದೆ.

ಕ್ಯಾಪ್ಟನ್ ಗುಂಪಿನಿಂದ ನನ್ನನ್ನು ತೆಗೆದಿದ್ದಾನೆ. ಹನ್ನೊಂದು ವರ್ಷದ ಭಾನುವಾರಗಳು ಫೋನಿನಲ್ಲಿ ಒಂದು ಸಾಲಾಗಿ ಕೂತಿವೆ — ನಿಮ್ಮನ್ನು ತೆಗೆದುಹಾಕಲಾಗಿದೆ.

ಮೇ 8, ಶುಕ್ರವಾರ

ನಮ್ಮ ಬಿಲ್ಡಿಂಗಿನವರ ಫೋನುಗಳಿಗೆ ಮೆಸೇಜ್ ಬಂದಿದೆ. "ನಿಮ್ಮ ಮೂರನೇ ಮಹಡಿಯ ನರ್ಸ್ ಮೂಲಕ ನಮ್ಮ ಹಿರಿಯ ಸದಸ್ಯರಿಗೆ ಸೋಂಕು ತಗುಲಿದೆ, ಎಚ್ಚರ." ಎರಡನೇ ಮಹಡಿಯವನು ಕ್ಯಾಪ್ಟನ್ನಿನ ಹಳೆಯ ಬ್ಯಾಂಕಿನವನು. ಕ್ಯಾಪ್ಟನ್ನಿಗೆ ದಾರಿ ಹುಡುಕುವುದು ಕಷ್ಟವಾಗಲಿಲ್ಲ. ಅವಳ ಹೆಸರನ್ನೂ ಪೂರ್ತಿ ಬರೆದಿದ್ದಾನೆ.

ಸಂಜೆ ಆರಕ್ಕೆ ಗೇಟಿನಲ್ಲಿ ಗಲಾಟೆ. ಬಾಲ್ಕನಿಯಿಂದ ನೋಡಿದೆ. ಇವಳನ್ನು ನಿಲ್ಲಿಸಿದ್ದಾರೆ. ಎರಡನೇ ಮಹಡಿಯವನು ಗಿಡಕ್ಕೆ ಔಷಧಿ ಹೊಡೆಯುವ ಪಂಪ್ ಹಿಡಿದು ಅವಳ ಮೇಲೆ ಬ್ಲೀಚಿಂಗ್ ನೀರು ಹೊಡೆಯುತ್ತಿದ್ದಾನೆ. ಚೀಲಕ್ಕೆ, ಕಾಲಿಗೆ, ಕೂದಲಿಗೆ. ಜಿರಲೆಗೆ ಹೊಡೆದ ಹಾಗೆ. ಅವಳು ಕಣ್ಣು ಮುಚ್ಚಿ ನಿಂತಿದ್ದಳು.

ನಾನು ಸರಳು ಹಿಡಿದು ನಿಂತೆ. ಎಷ್ಟು ಹೊತ್ತೋ. ಕೂಗಿದ್ದು ಅತ್ತೆ, ನನ್ನ ಪಕ್ಕದಿಂದ, ಹಲ್ಲಿನ ಸೆಟ್ ಇಲ್ಲದ ಬಾಯಲ್ಲಿ: "ಲೋ! ನಾಳೆ ನಿಂಗೆ ಉಸಿರು ಕಟ್ಟಿದ್ರೆ ಯಾರ ಕೈ ಹಿಡ್ಕೋತೀಯೋ? ಆ ಪಂಪ್ ಕೈ ಹಿಡ್ಕೋತೀಯೇನೋ?"

ಆಗ ಕಾಲು ಬಂತು. ಲಿಫ್ಟಿನಲ್ಲಿ ಇಳಿದೆ, ಚೀಟಿ ಕಿತ್ತುಕೊಂಡೇ ಇಳಿದೆ. ಪಂಪ್ ಕಸಿದುಕೊಂಡು ಗೋಡೆಗೆ ಎಸೆದೆ. "ಸೋಂಕು ತಂದಿದ್ದು ಇವಳಲ್ಲ, ನಾವು. ಮೈದಾನಕ್ಕೆ ಹೋಗಿ ತಂದಿದ್ದು. ನಂಗೆ ಹೊಡೀರಿ" ಎಂದೆ. ದನಿ ಕೀರಲಾಗಿ, ನಗೆಪಾಟಲಾಗಿ ಹೊರಟಿತು. ಯಾರೂ ಹೊಡೆಯಲಿಲ್ಲ. ಒಬ್ಬೊಬ್ಬರೇ ಮೊಬೈಲ್ ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ಇವಳು ಲಿಫ್ಟಿಗೆ ಬರಲಿಲ್ಲ. ಮೆಟ್ಟಿಲು ಹತ್ತಿದಳು. ಎರಡು ಮೆಟ್ಟಿಲು ಹಿಂದೆ ನಾನು.

ಮೇ 12, ಮಂಗಳವಾರ

ಅಕ್ಕ ನಿನ್ನೆ ಹೋದರು.

ಮೇಷ್ಟ್ರಲ್ಲ. ಮೇಷ್ಟ್ರು ಚೇತರಿಸಿಕೊಳ್ಳುತ್ತಿದ್ದಾರೆ. ಮಾರ್ಚ್‌ನಿಂದ ಹೊಸ್ತಿಲು ದಾಟದ ಅಕ್ಕ ಹೋದರು. ಕೊನೆಯ ಎರಡು ದಿನ ಇವಳು ಡ್ಯೂಟಿ ಮುಗಿದ ಮೇಲೆ ಮೇಲಿನ ಮಹಡಿಗೆ ಹೋಗಿ ಅವರ ಪಕ್ಕ ಕೂರುತ್ತಿದ್ದಳಂತೆ. ನನಗೆ ಹೇಳಿರಲಿಲ್ಲ. ಇವತ್ತು ಹೇಳಿದಳು, ತಟ್ಟೆಯ ಕಡೆ ನೋಡುತ್ತ. ಹತ್ತು ದಿನದ ಮೇಲೆ ನನ್ನೊಡನೆ ಆಡಿದ ಮೊದಲ ಉದ್ದದ ಮಾತು. ಬಾಗಿಲ ಆಚೆ ಅವಳ ಸ್ಟೂಲು, ಈಚೆ ನನ್ನದು.

"ಅವರೇನಾದ್ರೂ ಕೇಳಿದ್ರಾ?"

"ಯಜಮಾನ್ರು ಉಂಡ್ರಾ ಅಂತ ಕೇಳ್ತಿದ್ರು. ಅಷ್ಟೇ."

ಟೈಲರ್ ಗುಂಪಿನಲ್ಲಿ ಏನಾಯಿತೆಂದು ಫೋನಿನಲ್ಲಿ ಹೇಳಿದ. ಕ್ಯಾಪ್ಟನ್ ಮೊದಲು ಕೈಮುಗಿದ ಚಿತ್ರ ಹಾಕಿದ. ಇಪ್ಪತ್ತು ನಿಮಿಷ ಬಿಟ್ಟು ಬರೆದನಂತೆ: ಮೇಷ್ಟ್ರು ಇನ್ನು ಹಾರಿಸುವುದು ಕಷ್ಟ, ಈಗ ಎಲ್ಲೂ ಸಿಗದ ಅವರ ಆ ಹಳೆಯ ಫೋರ್ ಸ್ಟ್ರೋಕ್ ವಿಮಾನ ಇಂಜಿನ್ ಕ್ಲಬ್ಬಿಗೇ ಉಳಿಯುವುದು ಒಳ್ಳೆಯದು, ತಾನು ಜೋಪಾನ ಮಾಡುತ್ತೇನೆ.

ಹೊಲಸು ಮನುಷ್ಯ. ಅದಕ್ಕಿಂತ ಹೊಲಸಾದದ್ದು ಇದು: ಕೇಳಿದ ತಕ್ಷಣ ನನಗೆ ಬಂದ ಯೋಚನೆ — ಅದು ನನಗೆ ಸಿಗಬೇಕಿತ್ತು. ಅಕ್ಕ ಹೋಗಿ ಒಂದು ದಿನ ಆಗಿಲ್ಲ.

ಜೂನ್ 4, ಗುರುವಾರ

ಮೇಷ್ಟ್ರ ಮನೆಗೆ ಹೋಗಿದ್ದೆ. ಅವರೇ ಕರೆಸಿದರು. ಇಪ್ಪತ್ತು ದಿನ ತಪ್ಪಿಸಿಕೊಂಡಿದ್ದೆ. ಕ್ವಾರಂಟೈನ್, ಮಳೆ, ಬೆನ್ನುನೋವು — ನೆಪಕ್ಕೆ ಬರವೇ?

ದಾರಿಯಲ್ಲಿ ಮೆಡಿಕಲ್ ಶಾಪ್ ತೆರೆದಿತ್ತು. ಬೋರ್ಡಿಗೆ ಗಾಜಿಲ್ಲ. ಒಳಗೆ ಹೋಗಿ ಕ್ಷಮೆ ಕೇಳಬೇಕೆಂದು ಮೆಟ್ಟಿಲು ಹತ್ತಿದೆ. ಅವನು "ಏನು ಬೇಕು?" ಎಂದ. ಹೇಳಿದೆ. ಪೂರ್ತಿ ಕೇಳಿಸಿಕೊಂಡ. "ನನ್ನ ಮಗಳ ಜೊತೆ ಬೀದೀಲಿ ಯಾರೂ ಆಡಲ್ಲ ಈಗ್ಲೂ. ನಿಜ ಗೊತ್ತಾದ ಮೇಲೂ ಆಡಲ್ಲ. ಅದಕ್ಕೇನಾದ್ರೂ ಔಷಧಿ ತಂದಿದ್ದೀರಾ?" ಎಂದ. ಮುಂದಿನ ಗಿರಾಕಿ ಕಡೆ ತಿರುಗಿದ. ಸರಿಯಾಗಿಯೇ ಮಾಡಿದ.

ಮೇಷ್ಟ್ರು ಅರ್ಧ ಆಗಿದ್ದಾರೆ. ಬಾಗಿಲಲ್ಲೇ ಕೂತಿದ್ದರು. ನಾನು ಬೇಯಿಸಿ ಇಟ್ಟುಕೊಂಡು ಹೋಗಿದ್ದ ಮಾತುಗಳಲ್ಲಿ ಒಂದನ್ನೂ ಆಡಲು ಬಿಡಲಿಲ್ಲ.

"ಅವಳಿಗೆ ಗೊತ್ತಿತ್ತು ಕಣಯ್ಯ," ಎಂದರು. "ಅವತ್ತು ಮೆಡಿಕಲ್ ಶಾಪ್‌ಗೆ ಹೋಗ್ಬರ್ತೀನಿ ಅಂದೆ. ಬಿಸಿಲಿದೆ, ಟೋಪಿ ಹಾಕ್ಕೊಂಡು ಹೋಗಿ ಅಂದ್ಲು. ಮೂಲೆ ಅಂಗಡಿಗೆ ಟೋಪಿ ಯಾಕೆ ಹೇಳು? ನಲವತ್ನಾಲ್ಕು ವರ್ಷ. ನನ್ನ ಸುಳ್ಳು ಅವಳಿಗೆ ತಿಳೀದೆ ಇರುತ್ತಾ?"

"ಸಾರ್, ನಾನು ಕರೀದೇ ಇದ್ದಿದ್ರೆ..."

"ನೀನು ಕರೆದೆ. ನಾನು ಬಂದೆ. ಅವಳು ಬಿಟ್ಲು. ಎಲ್ರದ್ದೂ ಇದೆ. ನಿಂದು ಜಾಸ್ತಿ ಇದೆ." ಗಣಿತ ತಿದ್ದುವ ದನಿ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಗೋಡೆಯ ಮೇಲಿನ ಹಳದಿ ವಿಮಾನದ ಕಡೆ ಕೈ ತೋರಿಸಿದರು. "ಭಾನುವಾರ ಮೈದಾನ ತೆರೀತಾರಂತೆ. ಕರ್ಕೊಂಡು ಹೋಗ್ತೀಯಾ?"

ಹೆಂಡತಿ ಹೋಗಿ ತಿಂಗಳು ತುಂಬಿಲ್ಲ, ಈ ಮನುಷ್ಯನಿಗೆ ಇನ್ನೂ ಆಟವೇ — ಅಂದುಕೊಂಡೆ. ಮುಖದಲ್ಲಿ ಕಾಣಿಸಿರಬೇಕು.

"ಅಸಹ್ಯ ಅನ್ನಿಸ್ತಾ?" ಎಂದರು. "ನಂಗೂ ಅನ್ನಿಸುತ್ತೆ. ಆದ್ರೆ ಈ ಮನೇಲಿ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಏನು ಮಾಡ್ಬೇಕು ನೀನೇ ಹೇಳು. ಆ ಹೊತ್ತಲ್ಲಿ ಅವಳು ಅಡುಗೆಮನೇಲಿ ಪಾತ್ರೆ ಸದ್ದು ಮಾಡ್ತಿದ್ಲು."

ಬರುತ್ತೇನೆ ಎಂದೆ.

ಜೂನ್ 7, ಭಾನುವಾರ, ಬೆಳಿಗ್ಗೆ 6

ಇನ್ನರ್ಧ ಗಂಟೆಯಲ್ಲಿ ಮೇಷ್ಟ್ರನ್ನು ಕರೆದುಕೊಳ್ಳಬೇಕು. ಟೈಲರ್ ನೇರ ಅಲ್ಲಿಗೇ ಬರುತ್ತಾನೆ. ಕ್ಯಾಪ್ಟನ್ನೂ ಬರುತ್ತಾನೆ, ರಿಬ್ಬನ್ ಕತ್ತರಿಸುತ್ತಾನಂತೆ, ಫೋಟೊಗ್ರಾಫರ್‌ಗೂ ಹೇಳಿದ್ದಾನಂತೆ. ನಿನ್ನೆ ನನಗೂ ಫೋನ್ ಮಾಡಿದ್ದ. "ಆಗಿದ್ದು ಆಗೋಯ್ತು ಬಿಡಿ. ನಾವೆಲ್ಲ ಒಂದೇ ಕುಟುಂಬ." ಬಾಯಲ್ಲಿ ಕಡ್ಡಿ ಇದ್ದದ್ದು ಫೋನಿನಲ್ಲೇ ಗೊತ್ತಾಯಿತು.

ಬ್ಯಾಟರಿ ಚೀಲಕ್ಕೆ ಹಾಕುತ್ತಿದ್ದೆ. ಇವಳಿಗೆ ಇವತ್ತು ರಜೆ, ಎರಡು ತಿಂಗಳಲ್ಲಿ ಎರಡನೆಯದು. ಮಲಗಿರುತ್ತಾಳೆಂದುಕೊಂಡಿದ್ದೆ. ಸ್ನಾನ ಮಾಡಿ, ಹೊರಗೆ ಹೋಗುವ ಸೀರೆ ಉಟ್ಟು ಬಂದಳು.

"ನಾನೂ ಬರ್ತೀನಿ."

"ಮೈದಾನಕ್ಕಾ? ನೀನಾ? ಅಲ್ಲಿ ಬರೀ ಬಿಸಿಲು, ಧೂಳು..."

"ನಿಮ್ಮ ಕ್ಯಾಪ್ಟನ್ ಮುಖ ನಾನು ನೋಡೇ ಇಲ್ಲ. ಅವರು ನನ್ನ ಹೆಸರು ಅಷ್ಟು ಜನಕ್ಕೆ ಹೇಳಿದ್ದಾರೆ. ಏಪ್ರಿಲ್ ಹತ್ತೊಂಬತ್ತಕ್ಕೆ ಏನಾಯ್ತು ಅಂತ ಅವರ ಮುಂದೇನೂ ಒಂದ್ಸಲ ಯಾರಾದ್ರೂ ಹೇಳ್ಬೇಕಲ್ಲ, ಫೋಟೊ ತೆಗೆಯೋಕೆ ಮುಂಚೆ." ತಲೆ ಬಾಚಿಕೊಳ್ಳುತ್ತ ಕನ್ನಡಿಯಲ್ಲೇ ನನ್ನನ್ನು ನೋಡಿದಳು. "ನೀವು ಹೇಳ್ತೀರಾ, ನಾನು ಹೇಳ್ಲಾ?"

ನಾನೇ ಹೇಳುತ್ತೇನೆ ಎಂದೆ.

ಮೊದಲ ಮಾತನ್ನಾದರೂ ಇಲ್ಲಿ ಬರೆದು ನೋಡಿಕೊಳ್ಳೋಣವೆಂದು ಕೂತಿದ್ದೇನೆ. ಅಲ್ಲಿ ಹೋದ ಮೇಲೆ ನಾಲಿಗೆ ಕೈಕೊಟ್ಟರೆ ಕಷ್ಟ. ಅವಳು ಬಾಗಿಲಲ್ಲಿ ನಿಂತಿದ್ದಾಳೆ, ಅತ್ತೆ ಟೀ ಕುಡಿದು ಹೋಗಿ ಅನ್ನುತ್ತಿದ್ದಾರೆ.

ಕ್ಯಾಪ್ಟನ್, ಏಪ್ರಿಲ್ ಹತ್ತೊಂಬತ್ತನೇ ತಾರೀಖು ಭಾನುವಾರ ನಾವು ನಾಲ್ವರು...